ಚಿಕ್ಕಪ್ಪನ ಬಿಳಿ ಟೇಪು

ಸ್ವಂತ ಮನೆಯ ಕುರ್ಚಿಯನ್ನು ನಾಲ್ಕಿಂಚು ಸರಿಸಬೇಕಾದರೂ ಲಿಖಿತ ಮನವಿ ಕೊಡಬೇಕಾದ ಮನೆ ಇಡೀ ನೋಯ್ಡಾದಲ್ಲಿ ಒಂದೇ ಒಂದಿದೆ. ಅದು ನಮ್ಮದು! ಮನವಿಯನ್ನು ಸ್ವೀಕರಿಸಿ, ಕನ್ನಡಕ ಏರಿಸಿ ಪರಿಶೀಲಿಸಿ, ಕೊನೆಗೆ ತಪ್ಪದೆ ತಿರಸ್ಕರಿಸುವ ಅಧಿಕಾರಿ ನಮ್ಮ ಚಿಕ್ಕಪ್ಪ. ಇವಳು ಸುಮ್ಮನೆ ಕೊಚ್ಚುತ್ತಿದ್ದಾಳೆ ಅನ್ನಿಸಿದರೆ ಒಮ್ಮೆ ನಮ್ಮನೆಗೆ ಬನ್ನಿ, ಕಾಫಿ ಕುಡಿದು ಹೋಗಿ. ಕೂತ ಕುರ್ಚಿಯನ್ನು ಮಾತ್ರ ಎಳೆಯಬೇಡಿ.

ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ, ಅಮ್ಮ, ನಾನು, ಈ ಚಿಕ್ಕಪ್ಪ. ಅಪ್ಪನಿಗೆ ಎರಡು ವರ್ಷದಿಂದ ಪಾರ್ಕಿನ್ಸನ್. ಕೈ ನಡುಗುವುದು ನಮಗೆ ಅಭ್ಯಾಸವಾಗಿ ಹೋಗಿದೆ. ಆದರೆ ಈಚೆಗೆ ನಡೆಯುತ್ತಾ ನಡೆಯುತ್ತಾ ಅವರ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಮನಸ್ಸು ಮುಂದೆ ಹೋಗುತ್ತದೆ, ಪಾದ ಹೋಗುವುದಿಲ್ಲ. ನಡೆಸುತ್ತಲೇ ಇರಿ, ಕೂರಿಸಿದರೆ ಮತ್ತೆ ಏಳಿಸುವುದು ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ದಿನಕ್ಕೆ ಎರಡು ಸಲ ಅಪ್ಪನನ್ನು ಅವರ ಕೋಣೆಯಿಂದ ಊಟದ ಮೇಜಿನವರೆಗೆ ನಡೆಸಿಕೊಂಡು ಬರುವುದೇ ನನ್ನ ಬದುಕಿನ ದೊಡ್ಡ ಕೆಲಸ. ಇಂಥ ಮನೆಯಲ್ಲಿ ಅರವತ್ತೊಂದರ ಮನುಷ್ಯನೊಬ್ಬ ಮಂಡಿಯೂರಿ ನೆಲಕ್ಕೆಲ್ಲ ಟೇಪು ಹಚ್ಚುತ್ತಾ ಓಡಾಡಿದರೆ ನನಗೆ ಹೇಗಾಗಬೇಡ?

ಚಿಕ್ಕಪ್ಪ ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಮದುವೆಯಾಗಿಲ್ಲ. ಆ ಫೈಲು ಇನ್ನೂ ಪರಿಶೀಲನೆಯಲ್ಲಿದೆ ಅಂತ ಅಮ್ಮ ಹೇಳುತ್ತಾರೆ. ನಿವೃತ್ತರಾದವರು ಏನು ಮಾಡುತ್ತಾರೆ? ಪಾರ್ಕಿನಲ್ಲಿ ಚಪ್ಪಾಳೆ ತಟ್ಟುತ್ತಾ ನಡೆಯುತ್ತಾರೆ, ವಾಟ್ಸಾಪಿನಲ್ಲಿ ಗುಲಾಬಿ ಹೂ ಕಳಿಸುತ್ತಾರೆ. ಇವರು ಹೋಗಿ ಮುನಿರ್ಕಾ ಕಡೆಯ ಒಂದು ಸಮುದಾಯ ಕಾಲೇಜಿನಲ್ಲಿ ನಾಟಕದ ಸಂಜೆ ಕೋರ್ಸಿಗೆ ಸೇರಿಕೊಂಡರು!

ಇದಕ್ಕೊಂದು ಹಳೇ ಕಥೆಯಿದೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಹುಡುಗರಾಗಿದ್ದಾಗ ದಿಲ್ಲಿಯ ಕನ್ನಡದವರೆಲ್ಲ ಸೇರಿ ವರ್ಷಕ್ಕೊಂದು ನಾಟಕ ಆಡುತ್ತಿದ್ದರಂತೆ. ಅಪ್ಪ ಯಾವಾಗಲೂ ರಾಜ. ಆರಡಿ ಎತ್ತರ, ಆ ಗಂಟಲು, ಅವರು ಪ್ರವೇಶ ಮಾಡಿದರೆ ಹಿಂದಿನ ಸಾಲಿನವರೂ ನೆಟ್ಟಗೆ ಕೂರುತ್ತಿದ್ದರಂತೆ. ಚಿಕ್ಕಪ್ಪನಿಗೆ ಪರದೆ ಎಳೆಯುವ ಕೆಲಸ. ಒಂದು ವರ್ಷದ ನಾಟಕದಲ್ಲಿ ರಾಜನಿಗೆ ಚೂರಿ ಬಿತ್ತು. ಸಾಯುವ ಮುಂಚಿನ ಎರಡು ಪುಟದ ಮಾತನ್ನು ಅಪ್ಪ ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದರು. ಕೊನೆಯ ಬಸ್ಸು ತಪ್ಪೀತೆಂಬ ಭಯದಲ್ಲಿದ್ದ ಚಿಕ್ಕಪ್ಪ, ರಾಜ "ಎಲೈ ಭೂಮಿತಾಯಿ" ಅನ್ನುತ್ತಿದ್ದ ಹಾಗೇ ಸರ್ರನೆ ಪರದೆ ಎಳೆದುಬಿಟ್ಟರು. ಜನ ಎದ್ದು ಬಿಸಿಬೇಳೆಬಾತಿನ ಕಡೆ ಹೊರಟರು. ಅಪ್ಪ ಪರದೆಯ ಹಿಂದೆ ಒಬ್ಬರೇ ಸಾಯುತ್ತಾ ಇದ್ದರು.

ಅವತ್ತಿನಿಂದ ನಮ್ಮನೆಗೆ ಬಂದ ಪ್ರತಿ ಅತಿಥಿಗೂ ಅಪ್ಪ ಕಾಫಿಯ ಜೊತೆ ಈ ಕಥೆಯನ್ನೂ ಕೊಡುತ್ತಾರೆ. ಚೂರಿ ಬಿದ್ದವನು ಅಷ್ಟೊತ್ತು ಮಾತಾಡಬಹುದು ಅಂತ ಯಾವ ರೂಲಿನಲ್ಲಿದೆ ಅನ್ನುವುದೊಂದೇ ಚಿಕ್ಕಪ್ಪನ ಸಮರ್ಥನೆ.

ಈಗಿನ ಕೋರ್ಸಿಗೆ ಚಿಕ್ಕಪ್ಪ ಅರ್ಜಿ ಹಾಕಿದ್ದು ನಟನೆಗೇ. ಸಂದರ್ಶನದಲ್ಲಿ ಟೀಚರಮ್ಮ, ನನಗಿಂತ ಚಿಕ್ಕವಳಂತೆ, ನಿಮ್ಮ ಪ್ರೀತಿಯ ನಾಯಿ ಕಳೆದುಹೋಗಿದೆ, ಅಳಿ ಅಂದಳಂತೆ. ಯಾವಾಗ ಕಳೆಯಿತು, ಲೈಸೆನ್ಸ್ ಇತ್ತೇ, ದೂರು ದಾಖಲಾಗಿದೆಯೇ ಅಂತ ಇವರು ಕೇಳಿದರು. ಆ ಮಹಾತಾಯಿ ನಗದೆ ಇವರನ್ನು ರಂಗದ ಹಿಂದಿನ ಕೆಲಸದ ತರಗತಿಗೆ ಹಾಕಿದಳು. ಬೆಳಕು, ಸೆಟ್ಟು, ಸ್ಟೇಜ್ ಮ್ಯಾನೇಜರಿಕೆ. ಬಡ್ತಿ ಸಿಕ್ಕವರ ಗತ್ತಿನಲ್ಲಿ ಮನೆಗೆ ಬಂದ ಚಿಕ್ಕಪ್ಪ, "ದೇಶ ನಡೆಸೋದು ಮಂತ್ರಿ ಅಲ್ಲ ಕಣೇ, ಹಿಂದಿನ ಕೋಣೆಯಲ್ಲಿ ಕೂತವನು" ಅಂದರು.

ಮೊದಲ ಪಾಠ ಟೇಪು. ನಾಟಕದ ನಡುವೆ ದೀಪ ಆರಿಸಿ ಕತ್ತಲಲ್ಲೇ ಮೇಜು ಕುರ್ಚಿ ಬದಲಾಯಿಸುತ್ತಾರಲ್ಲ, ಅವು ಸರಿಯಾದ ಜಾಗಕ್ಕೇ ಬರಲಿ ಅಂತ ನೆಲದ ಮೇಲೆ ಟೇಪಿನ ಗುರುತು ಹಾಕಿರುತ್ತಾರೆ. ಆಹಾ, ಒಳ್ಳೆಯ ಪದ್ಧತಿ. ಕಾಲೇಜಿನಲ್ಲಿ ಹಾಕಲಿ! ವಾರ ಕಳೆಯುವುದರೊಳಗೆ ನಮ್ಮನೆಯ ಸೋಫಾ, ಟೀಪಾಯಿ, ಕುರ್ಚಿಗಳ ಅಷ್ಟೂ ಕಾಲು, ಅಮ್ಮನ ಅಕ್ಕಿ ಡಬ್ಬ, ಎಲ್ಲದರ ಸುತ್ತ ಬಿಳಿ ಗುರುತು ಬಿತ್ತು. ನೆಲ ಒರೆಸುವ ದೀದಿ ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಅಮ್ಮನನ್ನು ಬಾಲ್ಕನಿಗೆ ಕರೆದು, ಈ ಮನೆಯಲ್ಲಿ ಯಾರದಾದರೂ ಕೊಲೆ ಆಗಿದೆಯಾ ಅಂತ ಪಿಸುಗುಟ್ಟಿದಳು. ಟೀವಿಯಲ್ಲಿ ಪೊಲೀಸರು ಹೀಗೇ ಗುರುತು ಹಾಕುತ್ತಾರಂತೆ. ಇನ್ನೂ ಆಗಿಲ್ಲ, ಆಗುವ ಲಕ್ಷಣ ಇದೆ ಅಂತ ಅಮ್ಮ ಹೇಳಿ ಕಳಿಸಿದರು.

ಕುರ್ಚಿ ಗುರುತು ಬಿಟ್ಟು ಸರಿದರೆ ಚಿಕ್ಕಪ್ಪ ಕೂಗಾಡುವುದಿಲ್ಲ. ಕೂಗಾಡಿದರೆ ನಾವೂ ಕೂಗಾಡಿ ಮುಗಿಸಬಹುದಿತ್ತು. ಅವರು ನೋಟ್ ಹಾಕುತ್ತಾರೆ. "ವಿಷಯ: ಟೀಪಾಯಿ ಸ್ಥಾನಪಲ್ಲಟದ ಬಗ್ಗೆ" ಅಂತ ಶುರುವಾಗುವ, ಒಂದು ಎರಡು ಮೂರು ಅಂತ ನಂಬರು ಹಾಕಿದ, ಕೊನೆಗೆ "ಅವಗಾಹನೆಗಾಗಿ ಸಲ್ಲಿಸಿದೆ" ಅಂತ ಸಹಿ ಇರುವ ಕಾಗದ. ಅದನ್ನು ತಂದು ಫ್ರಿಜ್ಜಿಗೆ ಅಂಟಿಸುತ್ತಾರೆ. ಮೊದಲೆರಡು ಓದಿದೆ. ಆಮೇಲೆ ಫ್ರಿಜ್ಜಿನ ಬಣ್ಣ ಯಾವುದು ಅಂತಲೇ ಮರೆಯುವಷ್ಟು ನೋಟುಗಳಾದವು. ಯಾರು ಓದುತ್ತಾರೆ?

ಎರಡನೇ ಪಾಠ ಇನ್ನೂ ಘೋರ. ಸ್ಟೇಜ್ ಮ್ಯಾನೇಜರ್ "ಸ್ಟ್ಯಾಂಡ್‌ಬೈ" ಅಂದರೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯಬೇಕು, "ಗೋ" ಅಂದಮೇಲೇ ದೀಪ, ಪರದೆ, ನಟ ಏನೇ ಆದರೂ ಕದಲಬೇಕು. ಒಂದು ಬೆಳಿಗ್ಗೆ ಅಮ್ಮ ಒಗ್ಗರಣೆಗೆ ಎಣ್ಣೆ ಇಟ್ಟಿದ್ದರು. ಚಿಕ್ಕಪ್ಪ ಬಾಗಿಲಲ್ಲಿ ನಿಂತು, ಅತ್ತಿಗೆ, ಸಾಸಿವೆ, ಸ್ಟ್ಯಾಂಡ್‌ಬೈ ಅಂದರು. ಅಷ್ಟರಲ್ಲಿ ಅವರ ಕ್ಲಾಸಿನ ಯಾವುದೋ ಹುಡುಗಿ "ಅಂಕಲ್ ಜೀ" ಅಂತ ಫೋನು ಮಾಡಿದಳು, ಇವರು ಬಾಲ್ಕನಿಗೆ ಹೋದರು. ಜನ್ಮದಲ್ಲಿ ಯಾರ ಮಾತೂ ಕೇಳದ ನಮ್ಮಮ್ಮ ಅವತ್ತು ಅದ್ಯಾಕೋ ಸಾಸಿವೆ ಹಿಡಿದುಕೊಂಡು ಕಾದರು. ಎಣ್ಣೆ ಹೊತ್ತಿ ಮನೆಯೆಲ್ಲ ಹೊಗೆ, ಕೆಳಗಿನಿಂದ ಗಾರ್ಡ್ ಭಯ್ಯಾ ಇಂಟರ್‌ಕಾಮ್ ಮಾಡಿದ. ಅಮ್ಮ ನನ್ನ ಕಡೆ ತಿರುಗಿ, "ನನ್ನ ಸಾಸಿವೆಗೆ ಗೋ ಹೇಳೋ ಗಂಡು ಇನ್ನೂ ಹುಟ್ಟಿಲ್ಲ, ಹೇಳು ನಿಮ್ಮ ಚಿಕ್ಕಪ್ಪನಿಗೆ" ಅಂದರು. ಚಿಕ್ಕಪ್ಪ ಪಕ್ಕದಲ್ಲೇ ಇದ್ದರು.

ಇದನ್ನೆಲ್ಲ ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಚಾಣಕ್ಯಪುರಿಯಲ್ಲಿ ನಡೆಯಿತು. ಕರ್ನಾಟಕದವರಿಗೆ ಅಂತ ಇರುವ ಅತಿಥಿಗೃಹದಲ್ಲಿ ಯಾರಿಗೋ ಸನ್ಮಾನ. ಹಳೇ ನಾಟಕದವರೆಲ್ಲ ಸೇರುತ್ತಾರೆ ಅಂತ ಅಪ್ಪ ಆಸೆಯಿಂದ ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಹೊರಟರು. ಬಾಗಿಲ ಮುಂದಿನ ಮೆಟ್ಟಿಲುಗಳನ್ನು ಸಲೀಸಾಗಿ ಹತ್ತಿದರು. ಸಭಾಂಗಣದ ಬಾಗಿಲಿಗೆ ಬಂದರು, ನಿಂತರು. ಕಾಲು ಬರಲಿಲ್ಲ. ಹಿಂದೆ ರೇಷ್ಮೆ ಸೀರೆಗಳ ಸಾಲು, "ಮುಂದೆ ಹೋಗಿ ಸಾರ್" ಅನ್ನುವ ದನಿ. ಯಾರೋ ಮುಂದಿನಿಂದ ಕೈ ಎಳೆದರು, ಯಾರೋ ಹಿಂದಿನಿಂದ ಒತ್ತಿದರು, ಅಪ್ಪ ಮುಗ್ಗರಿಸಿ ನನ್ನ ಮೇಲೆ ಬಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಸಹಾಯಕ್ಕೆ ಚಿಕ್ಕಪ್ಪನನ್ನು ಹುಡುಕಿದರೆ, ಈ ಪುಣ್ಯಾತ್ಮ ಹಿಂದಕ್ಕೆ ಹೋಗಿ ಮೆಟ್ಟಿಲು ಎಣಿಸುತ್ತಾ ನಿಂತಿದ್ದಾರೆ! ಸಾಲದು ಅಂತ ಒಳಗೆ ಭಾಷಣ ಮಾಡುತ್ತಿದ್ದವರನ್ನು ನಡುವೆ ನಿಲ್ಲಿಸಿ, ಮುಖದ ಮೇಲೆ ಬೆಳಕಿಲ್ಲ, ಎರಡಡಿ ಎಡಕ್ಕೆ ಬನ್ನಿ ಅಂತ ಬೇರೆ ಹೇಳಿದರು.

ಕಾರಿನಲ್ಲಿ ಮನೆಗೆ ಹೊರಟೆವು. ಚಿಕ್ಕಪ್ಪ, "ಹನ್ನೊಂದು ಮೆಟ್ಟಿಲು. ಹನ್ನೊಂದೂ ಹತ್ತಿದ. ಬರೀ ನೆಲದ ಮೇಲೆ ನಿಂತ. ಯಾಕೆ?" ಅಂದರು.

"ದಯವಿಟ್ಟು ಬಾಯಿ ಮುಚ್ಚಿಕೊಳ್ಳಿ ಚಿಕ್ಕಪ್ಪ" ಅಂದೆ. ಹಾಗೆ ನಾನು ಯಾವತ್ತೂ ಅವರಿಗೆ ಅಂದವಳಲ್ಲ. ಅಪ್ಪ ಕಿಟಕಿಯ ಕಡೆ ನೋಡುತ್ತಾ, ಇನ್ನು ನಾನು ಎಲ್ಲಿಗೂ ಬರಲ್ಲ ಅಂದರು.

ಅಂದ ಹಾಗೇ ಮಾಡಿದರು. ಊಟದ ಮೇಜಿಗೂ ಬರಲಿಲ್ಲ. ಕರೆದೆ, ಗೋಗರೆದೆ, ಬೈದೆ. ತಟ್ಟೆ ಅವರ ಕೋಣೆಗೇ ಹೋಗತೊಡಗಿತು, ಅಮ್ಮನೂ ಅಲ್ಲೇ ಮಂಚದ ಪಕ್ಕ ಕೂತು ಉಣ್ಣುತ್ತಿದ್ದರು. ಮೇಜಿನಲ್ಲಿ ಉಳಿದದ್ದು ನಾನು, ಚಿಕ್ಕಪ್ಪ. ನಮ್ಮಿಬ್ಬರಿಗೂ ಮಾತಿಲ್ಲ.

ತಿಂಗಳು ಕಳೆದಿರಬೇಕು. ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ, ಅಪ್ಪನ ಕೋಣೆಯ ಬಾಗಿಲಿನಿಂದ ಊಟದ ಮೇಜಿನವರೆಗೆ ನೆಲಕ್ಕೆ ಅಡ್ಡಡ್ಡ ಬಿಳಿ ಪಟ್ಟಿ, ರಸ್ತೆ ದಾಟುವ ಕಡೆ ಬಳಿದಿರುತ್ತಾರಲ್ಲ ಹಾಗೆ! ಏನಿದು ಅಂದೆ. ನೋಟ್ ಹಾಕಿದ್ದೀನಿ, ಫ್ರಿಜ್ ಮೇಲಿದೆ ಅಂದರು ಚಿಕ್ಕಪ್ಪ. ಸೆಟೆದುಕೊಂಡು ಒಳಗೆ ಹೋದೆ. ನಾನ್ಯಾಕೆ ಓದಲಿ?

ಆ ವಾರವೆಲ್ಲ ಹಲ್ಲು ಕಚ್ಚಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ಅಪ್ಪ ಕೋಣೆ ಬಿಟ್ಟು ಬರುತ್ತಿಲ್ಲ, ಈ ಮನುಷ್ಯನಿಗೆ ನಾಟಕದ ಹುಚ್ಚು ಬಿಟ್ಟಿಲ್ಲ ಅಂತ ಗೊಣಗುತ್ತಾ, ಹಳೇ ಮೆಟ್ರೋ ಕಾರ್ಡು ಹಿಡಿದು ಮೇಜಿನ ಕಡೆಯಿಂದ ಕೆರೆಯಲು ಕೂತೆ. ಒಂದು, ಎರಡು, ಐದು ಪಟ್ಟಿ ಕಿತ್ತು ಉಂಡೆ ಮಾಡಿದ್ದೆ. ಅಪ್ಪನ ಕೋಣೆಯ ಬಾಗಿಲು ತೆರೆಯಿತು.

ಅಪ್ಪ ನಿಂತಿದ್ದರು. ಇಸ್ತ್ರಿ ಮಾಡಿದ ಅದೇ ಜುಬ್ಬ. ಯಾರೂ ಕೈ ಹಿಡಿದಿರಲಿಲ್ಲ. ತಲೆ ಬಗ್ಗಿಸಿ ನೆಲ ನೋಡಿದರು, ಕಾಲೆತ್ತಿ ಮೊದಲ ಪಟ್ಟಿ ದಾಟಿದರು. ಎರಡನೆಯದು. ಮೂರನೆಯದು. ಮೆಟ್ಟಿಲು ಹತ್ತಿದ ಹಾಗೆ, ಒಂದೊಂದಕ್ಕೂ ಮಂಡಿ ಎತ್ತಿ, ಆರು ಪಟ್ಟಿ ದಾಟಿದರು. ಏಳನೆಯದು ಇರಲಿಲ್ಲ. ಎತ್ತಿದ ಕಾಲು ಅಲ್ಲೇ ಇಳಿಯಿತು, ಅಂಟಿಕೊಂಡಿತು. ಬರಿ ನೆಲವನ್ನು ನೋಡಿದರು. ನನ್ನ ಕೈಯಲ್ಲಿದ್ದ ಉಂಡೆಯನ್ನು ನೋಡಿದರು.

"ನೀನು ಆಫೀಸಿಗೆ ಹೋದಮೇಲೆ ದಿನಾ ಪ್ರಾಕ್ಟೀಸು ಮಾಡ್ತಿದ್ವಿ ಪುಟ್ಟಿ. ಇವತ್ತು ನಿನಗೆ ತೋರಿಸೋಣ ಅಂತ" ಅಂದರು. ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹಿಂದಿನಿಂದ ಬಂದ ಚಿಕ್ಕಪ್ಪ ಎಲ್ಲ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಜೇಬಿನಿಂದ ಟೇಪಿನ ಸುರುಳಿ ತೆಗೆದು ನನಗೆ ಕೊಟ್ಟು, ಹದಿನೆಂಟಿಂಚಿಗೆ ಒಂದು, ಸೊಟ್ಟ ಆಗದಿರಲಿ ಅಂದರು, ಅಷ್ಟೇ. ನಾನು ಮಂಡಿಯೂರಿ ಹಚ್ಚಿದೆ. ಕಣ್ಣು ಮಂಜಾಗಿ ಎರಡು ಸೊಟ್ಟವೇ ಆದವು. ಅಷ್ಟು ಹೊತ್ತೂ ಅಪ್ಪ ಕಾಯುತ್ತಾ ನಿಂತಿದ್ದರು. ಅಮ್ಮ ಒಲೆ ಆರಿಸಿ ಅಡುಗೆಮನೆಯ ಬಾಗಿಲಿಗೆ ಬಂದರು.

"ಅಣ್ಣ, ಸ್ಟ್ಯಾಂಡ್‌ಬೈ" ಅಂದರು ಚಿಕ್ಕಪ್ಪ. ಒಂದು ಕ್ಷಣ ಬಿಟ್ಟು, ಮೆತ್ತಗೆ, "ಗೋ."

ಅಪ್ಪ ಐದೂ ಪಟ್ಟಿ ದಾಟಿ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಎದ್ದು ಹೋಗಿ ಫ್ರಿಜ್ಜಿನ ಮೇಲಿನ ನೋಟು ಕಿತ್ತು ತಂದು ಓದಿದೆ. ವಿಷಯ: ಅಣ್ಣ ಊಟದ ಮೇಜಿಗೆ ಬರುವ ಬಗ್ಗೆ. ಒಂದು, ಅಣ್ಣ ಮೆಟ್ಟಿಲು ಹತ್ತುತ್ತಾನೆ. ಎರಡು, ಬರಿ ನೆಲದಲ್ಲಿ ನಿಲ್ಲುತ್ತಾನೆ. ಮೂರು, ಆದ್ದರಿಂದ ನೆಲದ ಮೇಲೆ ಹನ್ನೊಂದು ಮೆಟ್ಟಿಲು ಹಾಕಲಾಗಿದೆ, ಡಾಕ್ಟರನ್ನು ಕೇಳಲಾಗಿದೆ, ಒಪ್ಪಿದ್ದಾರೆ. ನಾಲ್ಕು, ಪ್ರದರ್ಶನ ಭಾನುವಾರ ಬೆಳಿಗ್ಗೆ. ಐದು, ಪುಟ್ಟಿಗೆ ಮೊದಲ ಸಾಲು.

ಅಪ್ಪ ತಮ್ಮನ ಕಡೆ ತಿರುಗಿ, "ಈ ಸಲ ಪರದೆ ಬೇಗ ಎಳೀಬೇಡ ಕಣೋ" ಅಂದರು.

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸುತ್ತಾ, "ಬರೆದು ಕೊಡು, ನೋಡೋಣ" ಅಂದರು.

ಅಪ್ಪ ನನ್ನ ಕಡೆ ಕೈ ಚಾಚಿ ಪೆನ್ನು ಕೇಳಿದರು. ಅದೇ ನೋಟಿನ ಕೆಳಗೆ, ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದುಕೊಂಡು, ಇರುವೆ ಸಾಲಿನಂಥ ಅಕ್ಷರದಲ್ಲಿ ಅಷ್ಟನ್ನೂ ಬರೆದರು. ಇವತ್ತಿನವರೆಗೆ ಈ ಮನೆಯ ಒಂದು ಮನವಿಯನ್ನೂ ಒಪ್ಪದಿದ್ದ ಅಧಿಕಾರಿ, ಕನ್ನಡಕವನ್ನೂ ಹಾಕಿಕೊಳ್ಳದೆ ಅದಕ್ಕೆ ಸಹಿ ಹಾಕಿದರು.