ಸೊಸೆಯ ಇಪ್ಪತ್ತಮೂರು ಅಕ್ಕತಂಗಿಯರು ಮತ್ತು ಒಂದು ಸಟ್ಟುಗ

ಮೂವತ್ತೆಂಟು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ನಾನು. ಚೆನ್ನೈಯ ಟಿ. ನಗರದ ನಮ್ಮ ಸಣ್ಣ ಹೋಟೆಲಿಗೆ ಬರುವವನು ದೋಸೆ ತಿನ್ನುವವನೋ, ಒಂದು ಕಾಫಿ ಕುಡಿದು ಒಂದು ಗಂಟೆ ಫ್ಯಾನಿನ ಕೆಳಗೆ ಕೂರುವವನೋ ಎಂದು ಅವನು ಮೆಟ್ಟಿಲು ಹತ್ತುವಾಗಲೇ ಹೇಳಬಲ್ಲೆ. ಮೂಟೆ ಬಿಚ್ಚುವ ಮೊದಲೇ ತೊಗರಿಬೇಳೆ ಹಳೆಯದೋ ಹೊಸದೋ ಎಂದು ನನ್ನ ಮೂಗಿಗೆ ತಿಳಿಯುತ್ತದೆ. ಹೀಗಾಗಿ ನನ್ನ ಕಣ್ಣಿಗೆ ಯಾರೂ ಮಣ್ಣೆರಚಲಾರರು ಎಂಬ ನಂಬಿಕೆ ನನಗಿತ್ತು. ನನ್ನ ಹೆಂಡತಿ ಸುಮತಿ ಇದನ್ನು ನಂಬಿಕೆ ಎನ್ನುವುದಿಲ್ಲ, ರೋಗ ಎನ್ನುತ್ತಾಳೆ.

ಈ ರೋಗ ಉಲ್ಬಣಿಸಿದ್ದು ಸೊಸೆ ಬಂದ ಮೇಲೆ. ಅವಳ ಹೆಸರು ಮರಿಸೋಲ್. ಮೆಕ್ಸಿಕೋದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರ ಮಗಳು. ಪೋರೂರು ಕೆರೆಯ ನೀರಿನ ಬಗ್ಗೆ ಏನೋ ಸಂಶೋಧನೆ ಮಾಡಲು ಬಂದವಳು, ಕೆರೆ ಏರಿಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡು, ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ಮಗ ರಘುವಿನ ಬಳಿ ಬಂದಳು. ಕಾಲು ಸರಿಹೋಯಿತು. ಮಗ ಹೋದ.

ಹುಡುಗಿ ಒಳ್ಳೆಯವಳು. ಆರು ತಿಂಗಳಲ್ಲಿ ಸುಮತಿಯಿಂದ ಕನ್ನಡ ಕಲಿತು ನನ್ನನ್ನು ಮಾವ ಎಂದು ಬಾಯಿತುಂಬ ಕರೆಯುತ್ತಿದ್ದಳು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗನಾದರೋ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರಿಸುತ್ತಾನೆ. ನಾವು ಅವಳನ್ನು ಮರಿ ಎಂದೇ ಕರೆದೆವು. ಎಲ್ಲ ಸರಿಯಿತ್ತು. ಆದರೆ ಮದುವೆಗೆ ಮೊದಲು ಅವಳ ಅಪ್ಪ ನನ್ನ ಎರಡೂ ಕೈ ಹಿಡಿದು, ನನಗಿರುವುದು ಇವಳೊಬ್ಬಳೇ ಮಗಳು ಎಂದಿದ್ದರು. ಮದುವೆಗೆ ಬಂದವರೂ ಅಪ್ಪ, ಅಮ್ಮ ಇಬ್ಬರೇ.

ಆಮೇಲೆ ಭಾನುವಾರದ ವಿಡಿಯೋ ಕರೆಗಳು ಶುರುವಾದವು.

ಮೊದಲ ಭಾನುವಾರ ಒಬ್ಬಳು ಅಕ್ಕ. ಮುಂದಿನ ಭಾನುವಾರ ಇಬ್ಬರು ತಂಗಿಯರು. ನಾನು ಪೇಪರ್ ಓದುವ ನೆಪದಲ್ಲಿ ಎಣಿಸುತ್ತಾ ಹೋದೆ. ಒಂಬತ್ತು ತಿಂಗಳಲ್ಲಿ ಲೆಕ್ಕ ಇಪ್ಪತ್ತಮೂರಕ್ಕೆ ಬಂತು. ಒಬ್ಬರ ಮುಖಕ್ಕೂ ಇನ್ನೊಬ್ಬರ ಮುಖಕ್ಕೂ ಹೋಲಿಕೆಯೇ ಇಲ್ಲ.

"ಒಬ್ಬಳೇ ಮಗಳು ಅಂದಿದ್ರಲ್ಲ ನಿಮ್ಮ ಅಪ್ಪ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಮರಿ ನಕ್ಕಳು. ಇವರು ಒಡಹುಟ್ಟಿದ ಅಕ್ಕತಂಗಿಯರಲ್ಲ, ಕಾಲೇಜಿನವರು ಎಂದಳು. ಬಹಳ ಹಿಂದೆ ಅವಳ ಕಾಲೇಜಿಗೆ ಬೆರಳೆಣಿಕೆಯ ಹುಡುಗಿಯರು ಬಂದು ಸೇರಿದರಂತೆ. ಮನೆಯ ಮಾತು ಸ್ಪ್ಯಾನಿಷ್. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಲ್ಲ. ಊಟದ ಹಾಲಿನಲ್ಲಿ ಇವರ ಪಕ್ಕ ಕೂರುವವರೂ ಇಲ್ಲ. ಆಗಲೇ ಇದ್ದ ಹುಡುಗಿಯರ ಸಂಘಗಳಲ್ಲಿ ಇವರಿಗೆ ಜಾಗ ಸಿಗಲಿಲ್ಲ. ಒಬ್ಬಳ ಬಾಡಿಗೆ ಕೋಣೆಯ ಅಡಿಗೆ ಮೇಜಿನ ಸುತ್ತ ಕುಳಿತು ತಮ್ಮದೇ ಸಂಘ ಕಟ್ಟಿದರು. ಗ್ರೀಕ್ ಅಕ್ಷರಗಳ ಹೆಸರು, ನೇರಳೆ ಮತ್ತು ಹಳದಿ ಬಣ್ಣ, ಸೂರ್ಯಕಾಂತಿ ಹೂವು. ಹೊಸದಾಗಿ ಸೇರುವವಳಿಗೆ ಒಬ್ಬಳು ಅಕ್ಕ. ಕಟ್ಟಿದವರ ಹೆಸರು, ನಡೆದ ಕಥೆ ಎಲ್ಲ ಬಾಯಿಪಾಠ ಒಪ್ಪಿಸಬೇಕು. ವರ್ಷಕ್ಕೊಮ್ಮೆ ಸ್ಥಾಪನೆಯ ದಿನ ಮೇಣದಬತ್ತಿ ಹಚ್ಚಿ ಆ ಹೆಸರುಗಳನ್ನು ಹೇಳಬೇಕು. ಉಳಿದ ದಿನ ಊರಿನ ಮಕ್ಕಳಿಗೆ ಪಾಠ, ಇಂಗ್ಲಿಷ್ ಬಾರದ ತಾಯಂದಿರಿಗೆ ಅರ್ಜಿ ತುಂಬಿಸಿಕೊಡುವುದು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಪ್ಪುತ್ತಿದ್ದೆ.

"ಮತ್ತೆ ಆ ಮೇಣದಬತ್ತಿ ಹಚ್ಚಿ ಎಂತ ಹೇಳುದು?"

"ಅದು ಹೇಳುವ ಹಾಗಿಲ್ಲ ಮಾವ. ಅದು ಗುಟ್ಟು."

ಗುಟ್ಟು! ಒಳ್ಳೆಯ ಕೆಲಸಕ್ಕೆ ಗುಟ್ಟು ಏಕೆ? ನನ್ನ ಮೂಗು ಹಳೆಯ ತೊಗರಿಬೇಳೆಯನ್ನು ಹಿಡಿಯಿತು. ಅಂದಿನಿಂದ ನಾನು ಮನೆಯಲ್ಲಿ ಒಂದು ಕಣ್ಣು ತೆರೆದೇ ಮಲಗತೊಡಗಿದೆ. ಕರೆ ಮುಗಿಯುವಾಗ ಅವರೆಲ್ಲ ಬೆರಳುಗಳನ್ನು ಒಂದು ಥರ ಮಡಚಿ ತೋರಿಸುವುದು ಕಂಡಿತು. ಮೂರನೆಯ ದಿನ ನನ್ನ ಸ್ವಂತ ಹೆಂಡತಿ ಒಲೆಯ ಮುಂದೆ ನಿಂತು, ಎಡಗೈಯಲ್ಲಿ ಲೈಟರ್ ಹಿಡಿದು, ಬಲಗೈ ಬೆರಳುಗಳನ್ನು ಹಾಗೆಯೇ ಮಡಚುವುದು ಕಂಡಿತು.

"ನೀನೂ ಸೇರಿದ್ಯಾ?"

"ಸೇರಿದ್ರೆ ನಿಮಗೆಂತ? ನಿಮ್ಮ ಸಂಶಯಕ್ಕೆ ಮದ್ದಿಲ್ಲ ಮಾರಾಯ್ರೆ. ತಿಂಡಿ ತಿಂದು ಹೋಟೆಲಿಗೆ ನಡೀರಿ."

ಮಗನಿಗೆ ಹೇಳಿದೆ. ಅವನು ಫೋನಿನಿಂದ ತಲೆ ಎತ್ತದೆ, "ಸುಮ್ಮ ಇರುಂಗಪ್ಪಾ" ಎಂದ. ಸುಮ್ಮನಿರುವುದಂತೆ! ಮನೆಗೆ ಮನೆಯೇ ಕೈತಪ್ಪಿ ಹೋಗುತ್ತಿರುವಾಗ?

ಅಷ್ಟರಲ್ಲಿ ಸುದ್ದಿ ಬಂತು. ಸಂಘದಲ್ಲಿ ಮರಿಗೆ ತಂಗಿಯಾದ ಎಲೆನಾ ಎಂಬವಳು ಮುಂದಿನ ಭಾನುವಾರ ಚೆನ್ನೈಗೆ ಬರುತ್ತಾಳೆ. ಈ ಸಲದ ಸ್ಥಾಪನೆಯ ದಿನ ನಮ್ಮ ಮನೆಯಲ್ಲೇ. ಅವಳು ಬರುವ ಮೊದಲೇ, ಗುರುವಾರ, ಒಂದು ಉದ್ದನೆಯ ಪಾರ್ಸೆಲ್ ಬಂತು. ಮನೆಯಲ್ಲಿ ನಾನೊಬ್ಬನೇ ಇದ್ದೆ. ಸಹಿ ಹಾಕಿ ತೆಗೆದುಕೊಂಡೆ.

ಪೆಟ್ಟಿಗೆಯ ಒಂದು ಮೂಲೆ ಸ್ವಲ್ಪ ಹರಿದಿತ್ತು. ಉಳಿದ ಮೂರು ಮೂಲೆಗಳನ್ನು ನಾನು ಹರಿದೆ.

ಒಳಗೆ ಎರಡೂವರೆ ಅಡಿ ಉದ್ದದ ಮರದ ಹಲಗೆ. ಒಂದು ಕಡೆ ಹಿಡಿ. ಮುಂಭಾಗಕ್ಕೆ ನೇರಳೆ, ಹಳದಿ ಬಣ್ಣ ಬಳಿದು ದೊಡ್ಡ ಗ್ರೀಕ್ ಅಕ್ಷರಗಳು. ಹಿಂಭಾಗದಲ್ಲಿ ಬೇರೆ ಬೇರೆ ಕೈಬರಹದಲ್ಲಿ ಸಾಲು ಸಾಲಾಗಿ ಏನೇನೋ ಬರೆದಿತ್ತು. ಇದು ಎಂತಕ್ಕೆ? ಮೊಬೈಲಿನಲ್ಲಿ ಹುಡುಕಿದೆ. ಹಿಂದೆ ಅಲ್ಲಿನ ಕೆಲವು ಕಾಲೇಜು ಸಂಘಗಳಲ್ಲಿ ಹೊಸಬರಿಗೆ ಇಂಥ ಹಲಗೆಯಿಂದ ಬಾರಿಸುತ್ತಿದ್ದರು ಎಂದಿತ್ತು. ಈಗ ಅದು ಬರೀ ಪ್ರೀತಿಯ ಕಾಣಿಕೆ ಎಂದು ಅದರ ಕೆಳಗೇ ಇತ್ತು. ಕೆಳಗಿನದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ.

ಸುಮತಿಯ ಬೆನ್ನು ಕಣ್ಣಮುಂದೆ ಬಂತು. ನಿಜ ಹೇಳಬೇಕೆಂದರೆ, ಅದಕ್ಕಿಂತ ಮೊದಲು ನನ್ನದು ಬಂತು.

ಹಲಗೆಯನ್ನು ಬಚ್ಚಿಡುವುದೆಂದು ತೀರ್ಮಾನಿಸಿದೆ. ಮನೆಯಲ್ಲಿ ಇಡುವಂತಿಲ್ಲ. ಈ ಮಹಾನಗರದಲ್ಲಿ ನಾನು ನಂಬುವ ಜಾಗ ಒಂದೇ, ನಮ್ಮ ಹೋಟೆಲಿನ ಉಗ್ರಾಣ. ಅದರ ಬೀಗದ ಕೈ ಸದಾ ನನ್ನ ಸೊಂಟದಲ್ಲಿರುತ್ತದೆ. ವಾರಕ್ಕೊಮ್ಮೆ ಅದರೊಳಗೆ ಬಾಗಿಲು ಹಾಕಿಕೊಂಡು ನಾನೊಬ್ಬನೇ ಸಾಂಬಾರು ಪುಡಿ ಬೆರೆಸುತ್ತೇನೆ. ಹಲಗೆಯನ್ನು ಪೇಪರಿನಲ್ಲಿ ಸುತ್ತಿ ರವೆ ಮೂಟೆಯ ಹಿಂದೆ ನಿಲ್ಲಿಸಿ ಬೀಗ ಹಾಕಿದೆ. ಅಂದು ಊಟ ರುಚಿಸಿತು.

ಶನಿವಾರ ಮಾಧವರಂನಲ್ಲಿ ನಮ್ಮವರ ಮನೆಯ ಮದುವೆ. ಹೋಗುವಾಗ ಬೀಗದ ಕೈಯನ್ನು ನಮ್ಮ ಅಡಿಗೆಯ ಗೋವಿಂದ ಭಟ್ಟರ ಕೈಗೆ ಕೊಟ್ಟು, "ರವೆ ಬಿಟ್ಟು ಬೇರೆ ಎಂತದೂ ಮುಟ್ಟಬೇಡಿ" ಎಂದು ಎರಡು ಸಲ ಹೇಳಿದೆ. ಭಟ್ಟರು ಹೇಳಿದ ಮಾತು ಮೀರುವವರಲ್ಲ. ರವೆಯ ಬಳಿಗೇ ಹೋದರು.

ಭಾನುವಾರ ಎಲೆನಾ ಬಂದಳು. ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ಬಾಗಿಲಲ್ಲೇ ಸುಮತಿಯ ಕಾಲು ಮುಟ್ಟಿದಳು. ಮರಿಯನ್ನು ಅಪ್ಪಿಕೊಂಡು ಇಂಗ್ಲಿಷಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ನಾನು ಕಳಿಸಿದ್ದು ಬಂತಾ?"

"ಇಲ್ಲವಲ್ಲ" ಎಂದಳು ಮರಿ.

ಎಲೆನಾಳ ಮುಖ ಸಪ್ಪಗಾಯಿತು. ಅದು ಅವಳೇ ಕೆತ್ತಿದ ಹಲಗೆ. ತಂಗಿ ಅಕ್ಕನಿಗೆ ಕೊಡುವ ಕಾಣಿಕೆ. ಮರಿಯ ಮದುವೆಗೆ ಇಷ್ಟು ದೂರ ಯಾರಿಗೂ ಬರಲಾಗಲಿಲ್ಲವೆಂದು, ಆ ಹಲಗೆಯನ್ನು ಊರಿಂದೂರಿಗೆ ಅಂಚೆಯಲ್ಲಿ ಕಳಿಸಿ, ಇಪ್ಪತ್ತಮೂರು ಜನರೂ ತಮ್ಮ ಕೈಯಾರೆ ಹಾರೈಕೆ ಬರೆದಿದ್ದರಂತೆ. ಎಂಟು ತಿಂಗಳು ಸುತ್ತಿ ಬಂದದ್ದು. ಕೇಳುತ್ತಾ ಕೇಳುತ್ತಾ ಮರಿಯ ಕಣ್ಣು ತುಂಬಿತು.

"ಈ ಕೊರಿಯರ್‌ನವರನ್ನು ನಂಬುದೇ ತಪ್ಪು. ನಂಗೆ ಮೊದಲಿಂದಲೂ ಸಂಶಯ" ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ.

ರಘು ಆಗಲೇ ಫೋನಿನಲ್ಲಿ ಕೊರಿಯರ್ ಕಂಪನಿಯ ಪುಟ ತೆರೆದಿದ್ದ. ಈಗೆಲ್ಲ ಪಾರ್ಸೆಲ್ ಕೊಟ್ಟದ್ದಕ್ಕೆ ಫೋಟೋ ಸಾಕ್ಷಿ ಇರುತ್ತದೆಂದು ನನಗೆ ಹೇಗೆ ಗೊತ್ತು? ಫೋಟೋದಲ್ಲಿ ಲುಂಗಿ ಉಟ್ಟು, ಕೂದಲು ಕೆದರಿ, ಉದ್ದನೆಯ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ನಾನು ನಿಂತಿದ್ದೆ. ಮೂವತ್ತೆಂಟು ವರ್ಷದಲ್ಲಿ ನನ್ನ ಅಷ್ಟು ಸ್ಪಷ್ಟವಾದ ಫೋಟೋ ಯಾರೂ ತೆಗೆದಿಲ್ಲ.

"ಎನ್ನಪ್ಪಾ ಇದು?" ಎಂದ ಮಗ. ಸುಮತಿ ಫೋನ್ ಕಿತ್ತುಕೊಂಡು ಫೋಟೋ ದೊಡ್ಡದು ಮಾಡಿ ನೋಡಿದಳು.

"ಹೋಟೆಲಲ್ಲಿ ಭದ್ರ ಉಂಟು" ಎಂದೆ. "ಒಂದು ಗೀರೂ ಬಿದ್ದಿಲ್ಲ."

ಐದೂ ಜನ ಟಿ. ನಗರಕ್ಕೆ ಹೊರಟೆವು. ಹಿಂದಿನ ರಾತ್ರಿ ಭಟ್ಟರಿಂದ ವಾಪಸು ಪಡೆದಿದ್ದ ಕೈಯಿಂದ ಉಗ್ರಾಣದ ಬೀಗ ತೆಗೆದೆ. ರವೆ ಮೂಟೆಯ ಹಿಂದೆ ಪೇಪರ್ ಮಾತ್ರ ಇತ್ತು. ಅಡಿಗೆಮನೆಯಿಂದ ಏಲಕ್ಕಿ, ತುಪ್ಪದ ಪರಿಮಳ ಬರುತ್ತಿತ್ತು. ಹೋಗಿ ನೋಡಿದರೆ ದೊಡ್ಡ ಬಾಣಲೆಯ ಮುಂದೆ ಗೋವಿಂದ ಭಟ್ಟರು, ಅವರ ಕೈಯಲ್ಲಿ ಹಲಗೆ, ಹಲಗೆಯ ತುದಿಯಲ್ಲಿ ಕೇಸರಿಬಾತ್.

"ಬನ್ನಿ ರಾಯ್ರೆ" ಎಂದರು ಭಟ್ಟರು, ಮುಖವೆಲ್ಲ ನಗು. "ಸಟ್ಟುಗದ ಹಿಡಿ ಮುರಿದಿದೆ ಅಂತ ಮೂರು ತಿಂಗಳಿಂದ ಹೇಳ್ತಾ ಇದ್ದೆ. ಅಂತೂ ಹೇಳದೆ ಕೇಳದೆ ತಂದಿಟ್ಟಿದ್ದೀರಿ. ಒಳ್ಳೆ ಮರ. ಬಣ್ಣ ಒಂದು ಬಳಿದಿದ್ರು ನೋಡಿ, ಅಡಿಗೆಗೆ ಅದು ಆಗುದಿಲ್ಲ ಅಲ್ವಾ? ಎರಡು ಗಂಟೆ ಕೂತು ಉಪ್ಪುಕಾಗದ ಹಾಕಿ ಉಜ್ಜಿ ತೆಗೆದೆ. ಹಿಂದೆ ಯಾರೋ ಎಂತೆಂತದೋ ಗೀಚಿದ್ರು, ಅದನ್ನೂ ಬಿಡ್ಲಿಲ್ಲ. ಒಂದು ಚುಕ್ಕಿ ಇಲ್ಲ ಈಗ."

ನಿಜ. ಒಂದು ಚುಕ್ಕಿ ಇರಲಿಲ್ಲ.

ಮರಿ ಹಲಗೆಯನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳು ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ಮೆಲ್ಲನೆ, "ನೀವು ನನ್ನನ್ನು ಕೇಳಬಹುದಿತ್ತಲ್ಲ ಮಾವ" ಎಂದಳು. ನನಗೆ ಬಹಳ ನಾಚಿಕೆಯಾಯಿತು. ಒಬ್ಬಳೇ ಮಗಳನ್ನು ನಂಬಿ ನನ್ನ ಮನೆಗೆ ಕಳಿಸಿದ ಆ ಅಪ್ಪನ ಎರಡು ಕೈಗಳು ನೆನಪಾದವು.

ಎಲ್ಲರೂ ಮೂಲೆಯ ಮೇಜಿನಲ್ಲಿ ಕುಳಿತರು. ಏನು ಮಾಡಬೇಕೆಂದು ತೋಚದೆ ನಾನೇ ಇಡ್ಲಿ, ಸಾಂಬಾರು ಬಡಿಸಿದೆ. ಎಲೆನಾ ಎರಡು ಸಲ ಸಾಂಬಾರು ಹಾಕಿಸಿಕೊಂಡು, ಇದಕ್ಕೆ ಏನು ಹಾಕುತ್ತೀರಿ ಎಂದು ಮರಿಯ ಮೂಲಕ ಕೇಳಿದಳು.

"ಅದು ಹೇಳುವ ಹಾಗಿಲ್ಲ" ಎಂದೆ.

ಮಾತು ತಾನಾಗಿ ಬಂದುಬಿಟ್ಟಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಈ ಊರಿಗೆ ಬಂದಾಗ ನನಗೆ ತಮಿಳು ಬರುತ್ತಿರಲಿಲ್ಲ. ಇದೇ ಹೋಟೆಲಿನ ಮೇಲಿನ ಕೋಣೆಯಲ್ಲಿ ನಮ್ಮ ಕಡೆಯ ಒಂಬತ್ತು ಜನ ಇದ್ದರು. ಶೀನಣ್ಣ ಎಂಬವರು ನನ್ನನ್ನು ತಮ್ಮ ಎಂದರು, ಒಂದು ವರ್ಷ ಲೋಟ ತೊಳೆಸಿದರು, ಆಮೇಲೆ ಒರಳುಕಲ್ಲು ಮುಟ್ಟಿಸಿ ಆಣೆ ಹಾಕಿಸಿ ಪುಡಿಯ ಅಳತೆ ಹೇಳಿಕೊಟ್ಟರು. ಆ ಅಳತೆ ಸುಮತಿಗೂ ಗೊತ್ತಿಲ್ಲ.

ಮರಿ ಹುಬ್ಬು ಏರಿಸಿದಳು. "ಗುಟ್ಟಾ ಮಾವ?"

"ಒಳ್ಳೆ ಸಾಂಬಾರಿಗೆ ಗುಟ್ಟು ಎಂತಕ್ಕೆ?" ಎಂದಳು ಸುಮತಿ. ಮರಿ ಮೊದಲು ನಕ್ಕಳು, ಆಮೇಲೆ ಎಲ್ಲರೂ. ಭಟ್ಟರೂ ನಕ್ಕರು, ಏಕೆಂದು ತಿಳಿಯದೆ.

ಹಲಗೆಗೆ ಮತ್ತೆ ಬಣ್ಣ ಬಳಿದು, ಮತ್ತೆ ಇಪ್ಪತ್ತಮೂರು ಮನೆ ಸುತ್ತಿಸುವುದೆಂದು ನಿಶ್ಚಯವಾಯಿತು. ಹಲಗೆ ಹೊರಡುವ ಮೊದಲು ಸುಮತಿ ಅದರ ಕೆಳಗೆ ಕನ್ನಡದಲ್ಲಿ ತನ್ನ ಹೆಸರು ಬರೆದಳು. ನಾನು ಪೆನ್ನಿಗೆ ಕೈಚಾಚಿದೆ. ಹೊಸಬರು ಮೊದಲು ಬಾಯಿಪಾಠ ಒಪ್ಪಿಸಬೇಕು ಎಂದಳು ಮರಿ. ಅಂದಿನಿಂದ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು, ಆ ಕೋಣೆಯಲ್ಲಿ ಸಂಘ ಕಟ್ಟಿದ ಹುಡುಗಿಯರ ಹೆಸರುಗಳನ್ನು ಉರುಹೊಡೆಯುತ್ತಿದ್ದೇನೆ. ಎರಡು ಸಲ ಫೇಲಾಗಿದ್ದೇನೆ. ಭಟ್ಟರಿಗೆ ಆರು ಹೊಸ ಸಟ್ಟುಗ ತಂದುಕೊಟ್ಟೆ. ಆ ಹಲಗೆಯ ಹದ ಇವುಗಳಲ್ಲಿ ಯಾವುದಕ್ಕೂ ಇಲ್ಲ ಎನ್ನುತ್ತಾರೆ.

ಮೊನ್ನೆ ಹಲಗೆ ತಿರುಗಿ ಬಂತು. ಆಗಲೂ ಬಾಗಿಲು ತೆರೆದವನು ನಾನೇ. ಅದೇ ಉದ್ದನೆಯ ಪೆಟ್ಟಿಗೆ ಕಂಡದ್ದೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, "ಮರೀ, ನಿನ್ನ ಪಾರ್ಸೆಲ್" ಎಂದು ಕೂಗಿದೆ. ಕೊರಿಯರಿನವನು ಸಹಿ ಹಾಕಿ ಎಂದರೆ ಹಾಕಲಿಲ್ಲ. ಮುಟ್ಟಿ ಎಂದರೆ ಮುಟ್ಟಲಿಲ್ಲ. ಫೋನ್ ಎತ್ತಿ ಫೋಟೋ ತೆಗೆಯಲು ಬಂದಾಗ ಬಾಗಿಲ ಹಿಂದೆ ಅಡಗಿದೆ.

ಆಮೇಲೆ ಹೊರಬಂದ ನನ್ನನ್ನು ಅವನು ಅಡಿಯಿಂದ ಮುಡಿಯವರೆಗೆ ನೋಡಿ, "ನೀಂಗ ಇಂದ ವೀಡುದಾನಾ ಸಾರ್?" ಎಂದ. ಈ ಮನೆಯವರೇ ಹೌದಾ ಎಂದು ಅವನಿಗೆ ಸಂಶಯ.

ಒಳಗಿನಿಂದ ಯಾರಾದರೂ ಬಂದು ಹೌದು ಎನ್ನಲಿ ಎಂದು ನಾನೂ ಅವನ ಜೊತೆ ಕಾಯುತ್ತಾ ನಿಂತೆ.