ಇಪ್ಪತ್ತರ ವೇಗದಲ್ಲಿ ಓಮ್ನಿ ಓಡಿಸಿದ ಅಪರಾಧದ ಬಗ್ಗೆ

ನಮ್ಮ ಪಟ್ಟಣ ಪಂಚಾಯತಿನ ಮಾನ್ಯ ಅಧ್ಯಕ್ಷರಿಗೆ, ಸುಣ್ಣದಗೂಡು ಅಡ್ಡರಸ್ತೆಯ ನಿವಾಸಿ ಜಸ್ನಾ ಎಂಬವಳು ರಸ್ತೆಯ ಅಂಚಿನಲ್ಲಿ ನಿಂತು, ಎರಡೂ ಕಡೆ ನೋಡಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ಜನವಸತಿಯ ರಸ್ತೆಗಳಲ್ಲಿ ಯಾವ ವಾಹನವೂ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಮೀರಬಾರದೆಂದು ತಾವು ನಿರ್ಣಯ ಮಾಡಿಸಿ, ಅದರ ಮೊದಲ ಬೋರ್ಡನ್ನು ನಮ್ಮ ರಸ್ತೆಯ ಬಾಯಿಯಲ್ಲೇ ನೆಡಿಸಿದ್ದಕ್ಕೆ ನಾವು ಋಣಿಗಳು. ಬೋರ್ಡಿನಲ್ಲಿ ತಮ್ಮ ಹೆಸರು ಇಪ್ಪತ್ತಕ್ಕಿಂತ ದೊಡ್ಡ ಅಕ್ಷರದಲ್ಲಿರುವುದು ಕನ್ನಡಕ ಇಲ್ಲದವರಿಗೂ ಅನುಕೂಲವೇ ಆಗಿದೆ. ಉದ್ಘಾಟನೆಯ ದಿನ ತಾವು ರಿಬ್ಬನ್ ಕತ್ತರಿಸಿ, ಇನ್ನು ಇಲ್ಲಿ ಹಿರಿಯರೂ ಮಕ್ಕಳೂ ನಿಶ್ಚಿಂತೆಯಿಂದ ನಡೆಯಬಹುದೆಂದು ಭಾಷಣ ಮಾಡಿ, ಲಿಂಬೆ ಶರಬತ್ತು ಕುಡಿದು, ಮುಂದಿನ ಕಾರ್ಯಕ್ರಮಕ್ಕೆ ತಡವಾಯಿತೆಂದು ಹೊರಟ ರಭಸಕ್ಕೆ ಬೋರ್ಡಿಗೆ ಹಾಕಿದ್ದ ಸೇವಂತಿಗೆ ಮಾಲೆ ಹಾರಿ ನಮ್ಮ ಕಾಂಪೌಂಡಿನೊಳಗೆ ಬಿತ್ತು. ಅದನ್ನು ನಾವು ಆಶೀರ್ವಾದವೆಂದೇ ಸ್ವೀಕರಿಸಿದೆವು.

ತಮಗೆ ತಿಳಿದಿರುವಂತೆ, ಪೇಟೆಯಲ್ಲಿ ಬ್ಲಾಕ್ ಆದಾಗಲೆಲ್ಲ ಮೂಡುಬಿದಿರೆ ಕಡೆಗೆ ಅವಸರದಲ್ಲಿರುವ ಸಮಸ್ತರೂ ನಮ್ಮ ರಸ್ತೆಗೆ ನುಗ್ಗುತ್ತಾರೆ. ಕೆಂಪುಕಲ್ಲಿನ ಲಾರಿ, ಕೋಳಿ ಸಾಗಿಸುವ ಪಿಕಪ್, ಹೆಲ್ಮೆಟನ್ನು ಕನ್ನಡಿಗೆ ತೊಡಿಸಿದ ಬೈಕು, ಹೀಗೆ ಯಾವುದಕ್ಕೂ ನಾವು ಭೇದ ಮಾಡಿದವರಲ್ಲ. ಅಂಥ ಒಂದು ಬೈಕು, ಬೋರ್ಡ್ ಬಂದ ತಿಂಗಳಲ್ಲೇ, ನನ್ನ ಗಂಡನ ತಾಯಿ ಬೀಯಮ್ಮನವರನ್ನು ಮನೆಯ ಗೇಟಿನ ಎದುರು ತಾಗಿಸಿ ಬೀಳಿಸಿತು. ಸವಾರ ಪಾಪ ಒಳ್ಳೆಯವನು, ನಿಲ್ಲಿಸಿ ಓಡಿ ಬಂದು, ಅಳುವ ದನಿಯಲ್ಲಿ, "ಬೋರ್ಡ್ ನೋಡ್ಲಿಲ್ಲ ಅಮ್ಮ" ಎಂದ. ಬೀಯಮ್ಮನವರ ಬಲಗೈಯ ಮಣಿಕಟ್ಟಿನ ಎಲುಬು ಮುರಿದಿತ್ತು.

ಕೈಗಾದರೆ ಪ್ಲಾಸ್ಟರ್ ಹಾಕಿದರು. ಇನ್ನೊಂದು ನಷ್ಟವನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ನಮ್ಮ ಎದುರು ಮನೆಯ ಮನೋರಮಕ್ಕನೂ ಬೀಯಮ್ಮನವರೂ ಹರೆಯದಲ್ಲಿ ಒಟ್ಟಿಗೆ ಬೀಡಿ ಕಟ್ಟಿದವರು. ಸಂಜೆಯ ನಮಾಜು ಮುಗಿಸಿ ರಸ್ತೆ ದಾಟಿ ಹೋಗಿ ಅವರ ಜಗಲಿಯಲ್ಲಿ ವೀಳ್ಯ ಹಾಕದಿದ್ದರೆ ಬೀಯಮ್ಮನವರಿಗೆ ಆ ದಿನ ಮುಗಿದಂತೆ ಅನ್ನಿಸುವುದಿಲ್ಲ. ಬಿದ್ದ ಮೇಲೆ ಅವರು ಗೇಟಿನವರೆಗೆ ಬರುವುದು, ಚಿಲಕ ಹಿಡಿದು ನಿಲ್ಲುವುದು, ಹಿಂದೆ ಹೋಗುವುದು, ಇಷ್ಟೇ ಆಯಿತು. ಮನೋರಮಕ್ಕನಿಗೆ ಮೊಣಕಾಲು ನೋವು, ಅವರೂ ಬರುವಂತಿಲ್ಲ. ಹಾಗಾಗಿ ಇಬ್ಬರೂ ಅವರವರ ಗೇಟಿನಲ್ಲಿ ನಿಂತು ಕೂಗಿ ಮಾತಾಡತೊಡಗಿದರು. ಅರ್ಧ ಮಾತು ಆಗುವಾಗ ಲಾರಿ ಬರುತ್ತಿತ್ತು, ಲಾರಿ ಹೋದ ಮೇಲೆ ಉಳಿದರ್ಧ. ಮನೋರಮಕ್ಕನ ತಂಗಿಯ ಮಗಳಿಗೆ ಹೆರಿಗೆಯಾದ ಸುದ್ದಿಯಲ್ಲಿ ಹೆಣ್ಣೋ ಗಂಡೋ ಎಂಬುದು ಟಿಪ್ಪರಿನ ಸದ್ದಿನಲ್ಲಿ ಹೋಗಿ, ಬೀಯಮ್ಮನವರಿಗೆ ಅದು ತಿಳಿದದ್ದು ಮರುದಿನ.

ಒಂದು ಹಂಪ್ ಹಾಕಿಸಿಕೊಡಿ ಎಂದು ನಾನು ಕಚೇರಿಗೆ ಬಂದಾಗ ತಾವು ಕುರ್ಚಿ ಕೊಟ್ಟು ಕೂರಿಸಿ, "ಹಂಪ್ ಹಾಕಿದ್ರೆ ಸೊಂಟನೋವು ಅಂತ ದೂರು ಬರ್ತದೆ ಅಮ್ಮ, ಬೋರ್ಡ್ ಉಂಟಲ್ಲ" ಎಂದು ಸಮಾಧಾನ ಹೇಳಿದಿರಿ. ಜನರ ಸೊಂಟದ ಮೇಲೆ ತಮಗಿರುವ ಕಾಳಜಿ ಕಂಡು ಕೈಮುಗಿದು ಹಿಂದಿರುಗಿದೆ.

ಆಮೇಲೆ ಆದದ್ದಕ್ಕೆಲ್ಲ ಮನೋರಮಕ್ಕನ ಗಂಡ ಧರ್ಣಪ್ಪಣ್ಣನೇ ಕಾರಣ. ಅವರು ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಅವರ ಬಸ್ಸು ಗುರುವಾಯನಕೆರೆ ದಾಟುವಾಗ ಎಲ್ಲ ಧರ್ಮದ ಪ್ರಯಾಣಿಕರೂ ತಂತಮ್ಮ ದೇವರನ್ನು ನೆನೆಯುತ್ತಿದ್ದರಂತೆ. ಹೆಂಡತಿ ಗೇಟಿನಲ್ಲಿ ಗಂಟಲು ಹರಿದುಕೊಳ್ಳುವುದನ್ನು ನೋಡಲಾರದೆ ಅವರು ಒಂದು ಬೆಳಿಗ್ಗೆ ತಮ್ಮ ಹಳೆಯ ಓಮ್ನಿಯನ್ನು ಹೊರತೆಗೆದು, ಬ್ಲಾಕ್ ಆಗುವ ಹೊತ್ತಿಗೇ ಸರಿಯಾಗಿ, ನಮ್ಮ ರಸ್ತೆಯಲ್ಲಿ ಇಪ್ಪತ್ತರ ವೇಗದಲ್ಲಿ ಹೋದರು, ಬಂದರು, ಪುನಃ ಹೋದರು. ರಸ್ತೆ ಅಗಲ ಕಡಿಮೆ, ದಾಟಲು ಜಾಗವಿಲ್ಲ. ಹಿಂದೆ ಒಂದು ದಿಬ್ಬಣದಷ್ಟು ವಾಹನ ಸೇರಿ ಹಾರ್ನ್ ಬಾರಿಸುತ್ತಿದ್ದರೆ ಧರ್ಣಪ್ಪಣ್ಣ ಕಿಟಕಿಯಿಂದ ಕೈ ಹೊರಗೆ ಹಾಕಿ ಬೋರ್ಡನ್ನು ತೋರಿಸುತ್ತಿದ್ದರು.

ಬೀಯಮ್ಮನವರ ಪ್ಲಾಸ್ಟರ್ ತೆಗೆಸಲು ಹೊರಟ ದಿನ ಅವರೂ ನಾನೂ ಆ ಓಮ್ನಿಯಲ್ಲಿದ್ದೆವು. ನಮ್ಮ ಹಿಂದೆ ಸಾಲಿನಲ್ಲಿ ಮೊದಲನೆಯದಾಗಿ ತಮ್ಮ ಕಾರೇ ಇರುವ ಭಾಗ್ಯ ಒದಗಿತು. ಎದುರಿನಿಂದ ಲಾರಿ ಬಂದು ಓಮ್ನಿ ನಿಂತಾಗ ತಾವು ಇಳಿದು ಬಂದು ಕಿಟಕಿ ಬಡಿದು, "ಎಂತ ಮಾರಾಯ್ರೆ, ಇದು ಗಾಡಿಯಾ, ಮೆರವಣಿಗೆಯಾ?" ಎಂದಿರಿ.

"ಬೋರ್ಡ್ ಉಂಟಲ್ಲ ಸರ್," ಎಂದರು ಧರ್ಣಪ್ಪಣ್ಣ.

"ಬೋರ್ಡ್ ಹಾಕಿದ್ದು ಜೋರಾಗಿ ಹೋಗುವವರಿಗೆ!"

"ನಾನೂ ಜೋರಾಗಿ ಹೋಗುವವನೇ ಸರ್. ಈಗ ಬಿಟ್ಟಿದ್ದೇನೆ."

ತಾವು ಮೀಟಿಂಗ್‌ಗೆ ಅರ್ಜೆಂಟ್ ಎಂದಾಗ ಹಿಂದಿನ ಸೀಟಿನಿಂದ ಬೀಯಮ್ಮನವರು ಪ್ಲಾಸ್ಟರ್ ಹಾಕಿದ ಕೈ ಎತ್ತಿ, "ಅರ್ಜೆಂಟ್ ಇದ್ರೆ ನೀನು ನಡ್ಕೊಂಡು ಹೋಗು ಮಗ, ನಮಗಿಂತ ಮೊದಲು ಮುಟ್ತಿ" ಎಂದರು. ಅದು ಅವಿಧೇಯತೆಯಲ್ಲ, ಸಲಹೆ. ಹಿಂದಿನ ಕೋಳಿ ಪಿಕಪ್ಪಿನವನು ನಕ್ಕದ್ದಕ್ಕೆ ಅವರು ಜವಾಬ್ದಾರರೂ ಅಲ್ಲ.

ಆ ವಾರವೇ ಸಾರ್ವಜನಿಕ ಸಂಚಾರಕ್ಕೆ ಅಡ್ಡಿಪಡಿಸಿದ್ದಕ್ಕಾಗಿ ಧರ್ಣಪ್ಪಣ್ಣನಿಗೆ ತಮ್ಮ ನೋಟಿಸು ಬಂತು. ಅದನ್ನು ಓದಿದ ನಮ್ಮ ರಸ್ತೆಯವರಿಗೆ ಏನಾಯಿತೋ, ಮರುದಿನದಿಂದ ಅಟೋ ನಿಝಾರ್, ಬ್ಯಾಂಕಿಗೆ ಹೋಗುವ ಅಶ್ವಿತಾ, ಸ್ಕೂಟರ್ ಕಲಿಯುತ್ತಿರುವ ನಾನು, ಎಲ್ಲರೂ ಇಪ್ಪತ್ತಕ್ಕೆ ಇಳಿದೆವು. ಒಬ್ಬರನ್ನು ಹೇಗಾದರೂ ದಾಟಿದ ಲಾರಿಗೆ ಮುಂದೆ ಇನ್ನೊಬ್ಬರು ಸಿಗುತ್ತಿದ್ದರು. ಸುಣ್ಣದಗೂಡು ರಸ್ತೆಗಿಂತ ಪೇಟೆಯ ಬ್ಲಾಕೇ ಬೇಗ ಎಂಬ ಮಾತು ಹಬ್ಬಿ, ಅವಸರದವರು ಒಬ್ಬೊಬ್ಬರಾಗಿ ನಮ್ಮನ್ನು ಕೈಬಿಟ್ಟರು.

ಕಳೆದ ಸೋಮವಾರ ಸಂಜೆ ಬೀಯಮ್ಮನವರು ಗೇಟಿನ ಚಿಲಕ ತೆಗೆದರು. ನಾನು ಜೊತೆಗೆ ಬರುತ್ತೇನೆ ಎಂದದ್ದಕ್ಕೆ ಬೇಡ ಎಂದು ತಲೆಯಾಡಿಸಿ, ಸೆರಗು ಬಿಗಿದುಕೊಂಡು, ನಿಧಾನವಾಗಿ ರಸ್ತೆ ದಾಟಿದರು. ನಡುವೆ ಒಂದು ಸೈಕಲ್ ಬಂತು, ಅದು ನಿಂತಿತು. ಮನೋರಮಕ್ಕ ಜಗಲಿಯಿಂದ ಏಳದೆ, ವೀಳ್ಯದ ತಟ್ಟೆಯನ್ನು ಇತ್ತ ಸರಿಸಿ, "ಇಷ್ಟು ಹೊತ್ತಾ ಬರ್ಲಿಕ್ಕೆ?" ಎಂದರು. ಆಮೇಲೆ ಇಬ್ಬರೂ ಎಷ್ಟು ಸಣ್ಣ ದನಿಯಲ್ಲಿ ಮಾತಾಡಿದರೆಂದರೆ, ಕಿವಿಗೊಟ್ಟು ನಿಂತಿದ್ದ ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ನೋಟಿಸನ್ನು ಹಿಂದಕ್ಕೆ ಪಡೆಯಬೇಕು. ಅದು ಸಾಧ್ಯವಿಲ್ಲವಾದರೆ, ಇಪ್ಪತ್ತರ ಮೇಲೆ ಹೋಗುವುದು ತಪ್ಪು, ಇಪ್ಪತ್ತರಲ್ಲಿ ಹೋಗುವುದೂ ತಪ್ಪು ಎಂದಿರುವಾಗ, ವಾಹನಗಳನ್ನು ಹೆಗಲ ಮೇಲೆ ಹೊತ್ತು ಸಾಗಿಸಲು ಪಂಚಾಯತಿನಿಂದ ನಾಲ್ಕು ಜನರನ್ನಾದರೂ ಒದಗಿಸಬೇಕು. ಅದಕ್ಕೂ ಅನುದಾನವಿಲ್ಲವೆಂದಾದರೆ ಬೋರ್ಡಿನ ಕೆಳಗೆ 'ಅಧ್ಯಕ್ಷರನ್ನು ಹೊರತುಪಡಿಸಿ' ಎಂದು ಬರೆಸಿದರೂ ಸಾಕು, ಬಣ್ಣದ ಖರ್ಚು ನಾವೇ ನೋಡಿಕೊಳ್ಳುತ್ತೇವೆ.

ನಿಧಾನವಾಗಿಯಾದರೂ ತಲುಪುವ ಭರವಸೆಯಲ್ಲಿ,
ತಮ್ಮ ವಿಶ್ವಾಸಿ,
ಜಸ್ನಾ
ಸುಣ್ಣದಗೂಡು ಅಡ್ಡರಸ್ತೆ

ವಿ.ಸೂ.: ನಿನ್ನೆ ತಮ್ಮ ಬಡಾವಣೆಯ ಕೆಲವು ಹೆಂಗಸರು ನಮ್ಮಲ್ಲಿಗೆ ಬಂದು, ಅವರ ರಸ್ತೆಯಲ್ಲೂ ಒಂದು ಕಾರಿನ ಉಪದ್ರ ಜಾಸ್ತಿಯಾಗಿದೆ, ಧರ್ಣಪ್ಪಣ್ಣನನ್ನು ಒಂದು ವಾರದ ಮಟ್ಟಿಗೆ ಕಳುಹಿಸಿಕೊಡಬಹುದೇ ಎಂದು ಕೇಳಿದ್ದಾರೆ. ಎಲ್ಲರಿಗಿಂತ ಹೆಚ್ಚು ಒತ್ತಾಯ ಮಾಡಿದವರು ತಮ್ಮ ಮನೆಯವರು.