ಖಾಲಿ ಹೋದ ಡಬ್ಬಿ

ಇದನ್ನು ಬರೆಯಬೇಕೆಂದುಕೊಂಡು ಮೂರು ವರ್ಷವಾಯಿತು. ಕನ್ನಡಕ ಸಿಕ್ಕರೆ ಪೆನ್ನು ಸಿಗುವುದಿಲ್ಲ. ಎರಡೂ ಸಿಕ್ಕ ದಿನ ಧೈರ್ಯ ಸಿಗುವುದಿಲ್ಲ! ಇವತ್ತು ಹೇಳಿಬಿಡುತ್ತೇನೆ: ನಮ್ಮ ಅತ್ತಿಗೆಯಂಥ ತಲೆನೋವು ಇಡೀ ಹಡಗಲಿ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ.

ನಮ್ಮೂರಲ್ಲಿ ಎರಡು ಓಣಿ. ಮೇಲಿನದು ನಮ್ಮದು, ಹೊಲ-ಅಂಗಡಿಯವರದು, ಕೆಳಗಿನದು ಕುರಿಯವರದು. ಒಂದು ವರ್ಷ ಅವರ ಕುರಿ ನಮ್ಮವರ ಜೋಳಕ್ಕೆ ನುಗ್ಗಿ, ಬಡಿದಾಟವಾಗಿ, ಮಾತು ನಿಂತಿತು. ಗೊಬ್ಬರಕ್ಕೆಂದು ನಮ್ಮ ಹೊಲಗಳಲ್ಲಿ ಅವರ ಕುರಿಗಳನ್ನು ರಾತ್ರಿ ತರುಬಿ ನಿಲ್ಲಿಸುವುದೂ ನಿಂತಿತು. ನಿಲ್ಲದೇ ಇದ್ದದ್ದು ಅತ್ತಿಗೆಯ ಪಾತ್ರೆಗಳ ಓಡಾಟ ಮಾತ್ರ.

ಮನೆಯಲ್ಲಿ ಎರಡು ಎಮ್ಮೆ ಹಾಲು ಕರೆಯುತ್ತಿದ್ದವು. ಆದರೂ ಮೊಸರಿಗೆ ಹೆಪ್ಪು ಬೇಕೆಂದು ಕೆಳಗಿನ ಓಣಿಗೇ ಹೋಗಬೇಕೆ? ತಂದ ಬಟ್ಟಲೋ ಲೋಟವೋ ನಮ್ಮಲ್ಲೇ ಉಳಿಯುವುದು. ನಮ್ಮ ಡಬ್ಬಿಯೋ ಲೋಟವೋ ಶೇಂಗಾ ಚಟ್ನಿ ತುಂಬಿಕೊಂಡು ಅತ್ತ ಹೋಗುವುದು. ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮ ಕಡೆ ಇಲ್ಲವಲ್ಲ, ಹೀಗಾಗಿ ಇದಕ್ಕೆ ಕೊನೆಯೆಂಬುದೇ ಇಲ್ಲ! ಅವರ ಬಟ್ಟಲು ಅವರಿಗೆ ಕೊಟ್ಟುಬಿಡಬಾರದೇ ಎಂದು ರೇಗಿದೆ.

"ಕೊಟ್ರ ಮುಗದ್ ಹೋಗತೈತಲ್ಲ ತಮ್ಮಾ," ಎಂದರು.

ಒಮ್ಮೆ ನಮ್ಮ ಓಣಿಯ ಹಿರಿಯರು ನಮ್ಮ ಪಡಸಾಲೆಯಲ್ಲೇ ಸೇರಿದರು. ಕೆಳಗಿನವರ ಮನೆಯ ನೀರನ್ನೂ ಮುಟ್ಟಬಾರದೆಂದು ಗೊತ್ತುಮಾಡುವ ಸಭೆ. ಅತ್ತಿಗೆ ಚಹಾ ತಂದರು. ಎಲ್ಲರಿಗಿಂತ ಜೋರಾಗಿ ಕೂಗಾಡುತ್ತಿದ್ದ ಗೌಡರು ಲೋಟ ಎತ್ತಿದವರು ಹಾಗೇ ಕೂತರು. ಅಂಚಿನ ಮೇಲೆ ಕೊರೆಸಿದ್ದ ಹೆಸರು, ಅವರು ಬಡಿದಾಡಿದ್ದ ಕುರಿಗಾರನದೇ! ಪಕ್ಕದವರ ಲೋಟದಲ್ಲಿ ಅವನ ತಮ್ಮ. ನನ್ನದರಲ್ಲಿ ಅವನ ಅತ್ತೆ.

"ಚಾ ಆರತೈತಿ, ಕುಡೀರಿ ಗೌಡ್ರ. ಲೋಟ ಏನ್ ಕಚ್ಚೂದಿಲ್ಲ."

ಸಭೆ ಏನೂ ಗೊತ್ತುಮಾಡದೆ ಎದ್ದಿತು. ನನ್ನ ಮಾನ ಹೋಯಿತು.

ಆ ಸಿಟ್ಟಿನಲ್ಲಿ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ. ಆ ಕುರಿಗಾರನ ಮನೆಯಿಂದ ಅತ್ತಿಗೆಯ ಡಬ್ಬಿಯಲ್ಲಿ ಬೆಣ್ಣೆ ಬಂದಿತ್ತು. ಬೆಣ್ಣೆ ತೆಗೆದು, ಡಬ್ಬಿ ತೊಳೆದು, ನಾನೇ ಒಯ್ದು ಅವರ ಹೊಸ್ತಿಲ ಮೇಲಿಟ್ಟು ಬಂದೆ. ಖಾಲಿ.

ಆಮೇಲೆ ಕೆಳಗಿನ ಓಣಿಯಿಂದ ಒಂದು ಬಟ್ಟಲೂ ಬರಲಿಲ್ಲ. ಅತ್ತಿಗೆ ಅಡುಗೆಮನೆಯ ಗೋಡೆಮಾಡಿನಲ್ಲಿ ಡಬ್ಬಿಯಿಲ್ಲದ್ದನ್ನು ನೋಡಿದರು, ನನ್ನನ್ನು ನೋಡಿದರು. ಸಜ್ಜೆ ರೊಟ್ಟಿ ಕಟ್ಟಿಕೊಂಡು ಕುರಿಗಾರನ ಮನೆಗೆ ಹೊರಟರು. ಏನು ಚಾಡಿ ಹೇಳುತ್ತಾರೋ ಎಂದು ನಾನೂ ಹಿಂದೆ ಹೋಗಿ ಗೋಡೆಯ ಮರೆಯಲ್ಲಿ ನಿಂತೆ.

"ವಯಸ್ಸಾತವ್ವ, ನಂಗ ಮರವು ಬಂದೈತಿ. ಖಾಲಿ ಡಬ್ಬಿ ಕಳಿಸೀನಂತ. ತಪ್ಪಾತು," ಎನ್ನುತ್ತಿದ್ದರು.

ಮರೆವಂತೆ! ಯಾವ ಬಟ್ಟಲು ಯಾರ ಮದುವೆಯದೆಂದು ನಿದ್ದೆಯಲ್ಲೂ ಹೇಳುತ್ತಿದ್ದ ಹೆಂಗಸಿಗೆ!

ಮುಂದಿನ ಬೇಸಿಗೆಗೆ, ಯಾರೂ ಕೇಳದೆಯೇ, ನಮ್ಮ ಹೊಲದಲ್ಲಿ ಅವರ ಕುರಿ ತರುಬಿದವು.

ಮೂರು ವರ್ಷದ ಹಿಂದೆ ಅತ್ತಿಗೆ ತೀರಿಕೊಂಡರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಕೆಳಗಿನ ಓಣಿಯ ಹೆಂಗಸರು ಸಾಲಾಗಿ ಬಂದರು. ರೊಟ್ಟಿ, ಪಲ್ಯ, ಮಜ್ಜಿಗೆ, ಎಲ್ಲವೂ ಅತ್ತಿಗೆಯ ಪಾತ್ರೆಗಳಲ್ಲೇ. ಆ ಡಬ್ಬಿಯೂ ಬಂತು. ತುಂಬಿತ್ತು.

ನಾನು ಅನ್ನಬೇಕಿದ್ದ 'ತಪ್ಪಾತು' ಅವರೇ ಅಂದಿದ್ದರು. ಅವರಿಗೆ ನಾನು ಅನ್ನಲೇ ಇಲ್ಲ. ಈಗ ಆ ಪಾತ್ರೆಗಳನ್ನು ತುಂಬಿ ಕೆಳಗಿನ ಓಣಿಗೆ ಒಯ್ಯುವವನು ನಾನೇ. ಯಾವುದನ್ನೂ ಹಿಂದಕ್ಕೆ ಕೇಳುವುದಿಲ್ಲ.

ಅವುಗಳ ಮೇಲಿರುವ ಅತ್ತಿಗೆಯ ಹೆಸರನ್ನು ಇಲ್ಲಿ ಬರೆಯಲು ನನ್ನ ಕೈ ಏಳದು. ಬೇಕಾದವರು ಕೆಳಗಿನ ಓಣಿಗೆ ಹೋಗಿ, ಯಾವ ಮನೆಯಲ್ಲಾದರೂ ಕುಡಿಯಲು ನೀರು ಕೇಳಿ. ಲೋಟದ ಅಂಚಿನ ಮೇಲಿದೆ.